ಗ್ರೀಸ್ ಕಡಿಮೆ ಮಾಡಿದೆ, ವಿಂಚ್ ಉಳಿಯಿತು

ನನ್ನ ಹಾಯಿದೋಣಿಯಲ್ಲಿ ಹಗ್ಗ ಸುತ್ತಿ, ಹ್ಯಾಂಡಲ್ ತಿರುಗಿಸಿ ಎಳೆಯುವ ವಿಂಚ್‌ಗಳು ಆರಿವೆ. ಅವುಗಳಲ್ಲಿ ದೊಡ್ಡವೆರಡನ್ನು ಕಿತ್ತು ಹೊಸದು ಹಾಕಿಸು ಅಂತ ನೋಡಿದವರೆಲ್ಲ ಹೇಳಿದ್ದರು. ನಾನು ಹಾಕಿಸಲಿಲ್ಲ. ಮೂರು ಸೀಸನ್ ಆಯಿತು, ಜೆನೋವಾ ಶೀಟನ್ನು, ಅಂದರೆ ಮುಂದಿನ ದೊಡ್ಡ ಹಾಯಿಯನ್ನು ಬಿಗಿಯುವ ಹಗ್ಗವನ್ನು, ಅವೇ ಹಳೆಯ ವಿಂಚ್‌ಗಳಲ್ಲಿ ಎಳೆಯುತ್ತಿದ್ದೇನೆ. ಒಂದು ಸಲವೂ ಜಾರಿಲ್ಲ.

ತಪ್ಪು ನನ್ನದೇ ಇತ್ತು. ವಿಂಚ್ ಬಿಗಿಯಾಗಿ ತಿರುಗಿದರೆ ಗ್ರೀಸ್ ಸಾಲದು ಅಂತ ನಂಬಿದ್ದೆ. ವರ್ಷಕ್ಕೊಮ್ಮೆ ಹಗ್ಗ ಸುತ್ತುವ ಡ್ರಮ್ ಎತ್ತಿ, ಹಳೆಯದರ ಮೇಲೇ ಬೆರಳಲ್ಲಿ ಗ್ರೀಸ್ ಮೆತ್ತಿ ಮುಚ್ಚಿಬಿಡುತ್ತಿದ್ದೆ. ಡ್ರಮ್ ಹಿಂದಕ್ಕೆ ತಿರುಗದಂತೆ ಕಚ್ಚುವ ಪುಟ್ಟ ಕೊಂಡಿಗಳಾದ ಪಾಲ್‌ಗಳಿಗೂ ಅದೇ ಗ್ರೀಸ್. ಉಪ್ಪು, ಧೂಳು ಸೇರಿ ಅದು ಅಂಟಿನ ಹಾಗಾಗುತ್ತದೆ. ಪಾಲ್ ಹಿಂದಿನ ಸ್ಪ್ರಿಂಗ್ ಎಷ್ಟು ಸಣ್ಣದು, ಆ ಅಂಟನ್ನು ಬಿಡಿಸಿ ಪಾಲನ್ನು ಹೊರಗೆ ತಳ್ಳುವ ಶಕ್ತಿ ಅದಕ್ಕೆಲ್ಲಿದೆ? ಒಂದು ದಿನ ಗಾಳಿ ಜೋರಾಗಿದ್ದಾಗ ಪಾಲ್‌ಗಳು ಕಚ್ಚಲೇ ಇಲ್ಲ, ಹ್ಯಾಂಡಲ್ ಗಿರ್ರನೆ ಹಿಂದಕ್ಕೆ ತಿರುಗಿ ಮುಂಗೈಗೆ ಬಡಿಯಿತು. ಎರಡು ವಾರ ಆ ಕೈಯಲ್ಲಿ ಹಗ್ಗ ಹಿಡಿಯಲು ಆಗಲಿಲ್ಲ.

ಆಮೇಲೆ ಪೂರ್ತಿ ಬಿಚ್ಚಿದೆ. ಮೊದಲನೇ ವಿಂಚ್‌ಗೆ ನಾಲ್ಕು ಗಂಟೆ ಹಿಡಿಯಿತು, ಈಗ 45 ನಿಮಿಷ ಸಾಕು. ಮೊದಲ ದಿನವೇ ಭಾಗಗಳನ್ನು ಜಾಗದಲ್ಲಿ ಹಿಡಿಯುವ ಒಂದು ಸರ್‌ಕ್ಲಿಪ್ ಉಂಗುರ ಚಿಮ್ಮಿ ನೀರಿಗೆ ಹೋಯಿತು, ಮರುದಿನ ಒಂದು ಪಾಲ್. ಬದಲಿ ಬರಲು ಮೂರು ವಾರ. ಅಂದಿನಿಂದ ರಟ್ಟಿನ ಡಬ್ಬಿಯ ತಳಕ್ಕೆ ತೂತು ಕೊರೆದು, ವಿಂಚ್‌ನ ಸುತ್ತ ಬಿಗಿಯಾಗಿ ಕೂರಿಸಿಕೊಂಡೇ ಬಿಚ್ಚುತ್ತೇನೆ. ಏನು ಬಿದ್ದರೂ ಡಬ್ಬಿಯೊಳಗೇ.

ಹಳೆಯ ಗ್ರೀಸ್ ತೆಗೆಯಲು ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಬೇಗ ಆಗಲಿ ಅಂತ ಒಮ್ಮೆ ಥಿನ್ನರ್ ಹಾಕಿದೆ, ಬೇರಿಂಗ್‌ನ ರೋಲರ್‌ಗಳನ್ನು ಹಿಡಿಯುವ ಪ್ಲಾಸ್ಟಿಕ್ ಕೇಜ್ ಹಾಳಾಯಿತು. ದುಡ್ಡು ದಂಡ. ಗೇರಿನ ಹಲ್ಲಿಗೆ, ಬೇರಿಂಗ್‌ಗೆ ವಿಂಚ್ ಗ್ರೀಸನ್ನು ಬ್ರಷ್‌ನಿಂದ ತೆಳ್ಳಗೆ, ಲೋಹದ ಬಣ್ಣ ಕಾಣುವಷ್ಟೇ ಸವರಬೇಕು. ಪಾಲ್ ಮತ್ತು ಸ್ಪ್ರಿಂಗ್‌ಗೆ ಗ್ರೀಸ್ ಬೇಡವೇ ಬೇಡ, ತೆಳು ಎಣ್ಣೆ ಒಂದೊಂದು ಹನಿ. ಇಷ್ಟಕ್ಕೇ ಆ ಬಿಗಿ ಹೋಯಿತು. ಸ್ಪ್ರಿಂಗ್‌ಗಳನ್ನು ಮಾತ್ರ ಎಲ್ಲವನ್ನೂ ಬದಲಿಸಿದೆ. ಕಣ್ಣಿಗೆ ಚೆನ್ನಾಗಿ ಕಂಡವೂ ಹೊಸದರ ಪಕ್ಕ ಇಟ್ಟರೆ ಸೊರಗಿದ್ದವು. ಪಾಲ್‌ಗಳನ್ನು ಒತ್ತಿ ಹಿಡಿದು ಡ್ರಮ್ ಕೂರಿಸಲು ನನ್ನದೇ ಒಂದು ಉಪಾಯವಿದೆ, ಅದನ್ನು ನನ್ನ ಜೊತೆ ದೋಣಿ ಹತ್ತಿದವರಿಗೆ ಮಾತ್ರ ತೋರಿಸುತ್ತೇನೆ.

ಮುಚ್ಚುವ ಮುಂಚೆ ಡ್ರಮ್ ತಿರುಗಿಸಿ ಕಿವಿ ಕೊಡಿ. ಟಿಕ್ ಟಿಕ್ ಸದ್ದು ಸಮವಾಗಿರಬೇಕು. ಒಂದು ಪಾಲ್ ತಿರುಗಾಮುರುಗಾ ಕೂತಿದ್ದರೂ ಸದ್ದು ಕುಂಟುತ್ತದೆ. ನಾನು ಎರಡು ಸಲ ಹಾಗೆ ಹಾಕಿ ಮತ್ತೆ ಬಿಚ್ಚಿದ್ದೇನೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಗ್ರೀಸ್, ಎಣ್ಣೆ, ಸ್ಪ್ರಿಂಗ್, ಕಳೆದುಹೋದ ಭಾಗಗಳು, ಆ ಕೇಜ್ ಎಲ್ಲ ಸೇರಿ ಒಂದು ಹೊಸ ವಿಂಚ್‌ನ ಬೆಲೆಯ ಹತ್ತನೇ ಒಂದರಷ್ಟೂ ಆಗಲಿಲ್ಲ. ಅದೂ ಆರಕ್ಕೂ ಸೇರಿ!

ಎಡಗಡೆಯ ವಿಂಚ್‌ನಲ್ಲಿ ಮಾತ್ರ ಶೀಟ್ ಸುತ್ತಿನ ಮೇಲೆ ಸುತ್ತು ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಸರ್ವಿಸ್‌ನಿಂದ ಅದು ಹೋಗಲಿಲ್ಲ. ಹಗ್ಗ ಡ್ರಮ್‌ಗೆ ಕೆಳಗಿನಿಂದ ಸ್ವಲ್ಪ ಏರುತ್ತಾ, 5ರಿಂದ 10 ಡಿಗ್ರಿಯಷ್ಟು ಓರೆಯಾಗಿ ಬರಬೇಕು ಅಲ್ವಾ, ನನ್ನದು ನೇರವಾಗಿ ಬರುತ್ತಿತ್ತು. ವಿಂಚ್ ಅಡಿಗೆ ಗಟ್ಟಿಮರದ ಓರೆ ಪಟ್ಟಿ ಕೊಟ್ಟೆ. ಕೊರೆದ ತೂತುಗಳಲ್ಲಿ ಡೆಕ್‌ನ ಒಳಮರ ಒದ್ದೆಯಾಗಿದ್ದು ಕಂಡಿತು. ತೂತು ದೊಡ್ಡದು ಮಾಡಿ, ಒಣಗಿಸಿ, ಎಪಾಕ್ಸಿ ತುಂಬಿ, ಅದರಲ್ಲಿ ಮತ್ತೆ ಕೊರೆದು ನೀರು ತಡೆಯುವ ಬ್ಯುಟೈಲ್ ಟೇಪ್ ಹಾಕಿ ಬೋಲ್ಟ್ ಬಿಗಿದೆ. ಒಣಗಲು ಬಿಟ್ಟದ್ದೇ ಹತ್ತು ದಿನ, ಆದರೆ ಈಗ ಕೆಳಗೆ ಒಂದು ಹನಿ ಬರುವುದಿಲ್ಲ.

ಇದರ ನಡುವೆ ಹಗ್ಗವನ್ನು ಕಚ್ಚಿ ಹಿಡಿಯುವ ರೋಪ್ ಕ್ಲಚ್ ಮೇಲೂ ಕೈ ಹಾಕಿದೆ. ಮುಖ್ಯ ಹಾಯಿಯನ್ನು ಮೇಲಕ್ಕೇರಿಸುವ ಹಗ್ಗ, ಮೇನ್ ಹ್ಯಾಲ್ಯಾರ್ಡ್, ಅದರಲ್ಲಿ ಜಾರುತ್ತಿತ್ತು. ಕ್ಲಚ್ ಸವೆದಿದೆ ಅಂದರು. ಅಳೆದು ನೋಡಿದರೆ ಕ್ಲಚ್ 10ರಿಂದ 12 ಮಿಲಿಮೀಟರ್ ದಪ್ಪದ ಹಗ್ಗಕ್ಕೆ ಮಾಡಿದ್ದು, ನನ್ನ ಹಗ್ಗ 8! ಕ್ಲಚ್ ಕಚ್ಚುವ ಜಾಗದಲ್ಲಿ ಅರ್ಧ ಮೀಟರಿನಷ್ಟು ಉದ್ದಕ್ಕೆ ಹಗ್ಗದ ಹೊದಿಕೆಯೊಳಗೆ ಇನ್ನೊಂದು ತೆಳು ಹಗ್ಗ ಸೇರಿಸಿ ಎರಡು ತುದಿ ಹೊಲಿದೆ. ಮೊದಲ ಹೊಲಿಗೆ ಒಂದೇ ತಿಂಗಳಲ್ಲಿ ಬಿಟ್ಟಿತು, ತುದಿ ಚೂಪು ಮಾಡದೆ ತುರುಕಿದ್ದೆ. ಎರಡನೆಯದು ಇನ್ನೂ ಹಿಡಿದಿದೆ, ಹ್ಯಾಲ್ಯಾರ್ಡ್ ಒಂದಿಂಚೂ ಜಾರಿಲ್ಲ.