ಕೋಳಿಗೂಡಿನ ಬುಡಕ್ಕೆ ಮೆಶ್
ಹಳೆಯ ಕೋಳಿಗೂಡನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡುವವರು, ಪ್ರಾಣಿಗಳು ನೆಲ ಅಗೆದು ಒಳನುಗ್ಗದಿರಲೆಂದು ಬುಡಕ್ಕೆ ಸಿಮೆಂಟ್ ಸುರಿಯಬೇಕಾಗಿಲ್ಲ. ಗೂಡಿನ ಹೊರಗೆ ಸುತ್ತಲೂ ಒಂದೂವರೆ ಅಡಿ ಅಗಲದ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದ ಬಲೆ) ಅನ್ನು ನೆಲದ ಮೇಲೆಯೇ ಹಾಸಿ, ಒಳಗಿನ ಅಂಚನ್ನು ಕೆಳಪಟ್ಟಿಗೆ ಮೊಳೆ ಹೊಡೆದು ಬಿಗಿದು, ಮೇಲೆ ಜಂಬಿಟ್ಟಿಗೆ ಚೂರುಗಳನ್ನು ಹೇರಿಬಿಡಿ. ಮುಂಗುಸಿಯಾಗಲಿ ನಾಯಿಯಾಗಲಿ ಕೆರೆಯುವುದು ಗೋಡೆಗೆ ತಾಗಿದ ಜಾಗದಲ್ಲೇ. ಉಗುರಿಗೆ ತಂತಿ ಸಿಕ್ಕಾಗ ಅಷ್ಟು ದೂರ ಹಿಂದೆ ಸರಿದು ಅಗೆಯುವ ಬುದ್ಧಿ ಅವಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಮೆಶ್‌ನ ಕಣ್ಣು ಅರ್ಧ ಇಂಚಿನದಿರಲಿ, ಸತುವಿನ ಲೇಪನವಂತೂ ಬೇಕೇ ಬೇಕು. ಆರು ಮೂಲೆಯ ತೆಳು ಕೋಳಿಬಲೆ ಅಗ್ಗ ನಿಜ, ಆದರೆ ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುವ ಕಡೆ ಹಾಸಿದ ಮೆಶ್ ನಿಲ್ಲುವುದಿಲ್ಲ. ಮೊದಲು ನೀರಿನ ದಾರಿ ತಿರುಗಿಸಿ. ಹೆಂಚಿನ ಸಂದಿಯಿಂದ ಇಳಿಯುವ ಪುನುಗು ಬೆಕ್ಕು, ಕೇರೆ ಹಾವುಗಳಿಗೂ ಈ ಉಪಾಯ ನಾಟದು, ಅವಕ್ಕಾಗಿ ಮಾಡಿನ ಅಡಿಗೂ ಅದೇ ಮೆಶ್ ಹೊಡೆಯಬೇಕು.