ಹೆಲ್ತ್ ಫಾಸೆಟ್ ತೊಟ್ಟಿಕ್ಕುವುದು ನಿಂತದ್ದು ಹೀಗೆ

ನಮ್ಮದು ಬೋರ್‌ವೆಲ್ ನೀರು. ಹೆಲ್ತ್ ಫಾಸೆಟ್ ಒತ್ತಿದರೆ ನೀರು ಒಂದೇ ಪಕ್ಕಕ್ಕೆ ಚಿಮ್ಮುತ್ತಿತ್ತು, ಕೈಬಿಟ್ಟ ಮೇಲೂ ತೊಟ್ಟಿಕ್ಕುತ್ತಿತ್ತು.

ಪಿನ್ನಿನಿಂದ ತೂತು ಚುಚ್ಚಿದೆ. ಎರಡು ದಿನ ಸರಿ, ಆಮೇಲೆ ಅದೇ ಕಥೆ. ಹೊಸ ಪೈಪ್ ಹಾಕಿಸಿದೆ, ಸುಮ್ನೆ ದುಡ್ಡು ದಂಡ. ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತಿದ್ದೂ ದಂಡವೇ. ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್ ಅಲ್ವಾ!

ಕೊನೆಗೆ ಆಂಗಲ್ ವಾಲ್ವ್ (ಪೈಪಿಗೆ ನೀರು ಬಿಡುವ ಗೋಡೆಯ ಚಿಕ್ಕ ನಲ್ಲಿ) ಬಂದ್ ಮಾಡಿ, ಗನ್, ಅಂದರೆ ಕೈಯಲ್ಲಿ ಹಿಡಿದು ಒತ್ತುವ ಭಾಗ, ಒತ್ತಿ ಪೈಪಿನಲ್ಲಿದ್ದ ನೀರು ಇಳಿಸಿದೆ. ಗನ್ ಬಿಚ್ಚಿ ವಾಷರ್ ತೆಗೆದೆ. ಪ್ಲಾಸ್ಟಿಕ್ ಮಗ್ಗಿನಲ್ಲಿ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಗನ್ ಒಂದು ಗಂಟೆ ಮುಳುಗಿಸಿದೆ. ಮಧ್ಯೆ ನಾಲ್ಕೈದು ಸಲ ಒತ್ತಿ ಬಿಡಬೇಕು. ಇದೇ ಮುಖ್ಯ, ಇಲ್ಲದಿದ್ದರೆ ವಿನೆಗರ್ ಒಳಗಿನ ವಾಲ್ವಿಗೆ ತಲುಪುವುದಿಲ್ಲ. ರಾತ್ರಿಯಿಡೀ ಬಿಡಬೇಡಿ, ಕ್ರೋಮ್ ಕೆಡಬಹುದು. ಹಳೇ ಬ್ರಷ್ಷಿನಿಂದ ಉಜ್ಜಿದಾಗ ಬೋರ್‌ವೆಲ್‌ನ ಗಡಸು ನೀರಿನಿಂದ ಕಟ್ಟಿದ್ದ ಸುಣ್ಣ ಅಕ್ಕಿನುಚ್ಚಿನಂಥ ಬಿಳಿ ಚೂರುಗಳಾಗಿ ಉದುರಿತು.

ಗನ್ ಜೋಡಿಸುವ ಮೊದಲು ಬರೀ ಪೈಪಿನಿಂದ ಅರ್ಧ ಬಕೆಟ್ ನೀರು ಬಿಡಿ. ಪೈಪಿನಲ್ಲಿರುವ ಚೂರು ಮತ್ತೆ ಸಿಕ್ಕಿಕೊಳ್ಳುವುದು ಬೇಡ. ಅರ್ಧ ಇಂಚಿನ ಹೊಸ ವಾಷರ್ ಹಾಕಿ ಕೈಯಲ್ಲೇ ಬಿಗಿ ಮಾಡಿದೆ, ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ನಟ್ ಸೀಳುತ್ತೆ. ಆಂಗಲ್ ವಾಲ್ವ್ ಪೂರ್ತಿ ಬೇಡ, ಸ್ವಲ್ಪ ತೆರೆದರೆ ಸಾಕು, ನೀರು ಚುಚ್ಚುವುದಿಲ್ಲ. ಬಳಸಿದ ಮೇಲೆ ವಾಲ್ವ್ ಬಂದ್.