ಕೊನೆಯ ಗೇಟಿನಿಂದ ಹಿಂದಕ್ಕೆ ಎಣಿಸಿ: ಮೈಸೂರಿನಿಂದ ಒಂದು ದಿನದ ಕಾಡುಸುತ್ತು

ಮೈಸೂರಿನವರಿಗೆ ಕಾಡು ದೂರವಲ್ಲ. ಬೆಳಿಗ್ಗೆ ಬೇಗ ಕಾರು ತೆಗೆದರೆ ತಿಂಡಿ ಹೊತ್ತಿಗೆ ಬಂಡೀಪುರದ ಅಂಚು ಸೇರಬಹುದು. ಹತ್ತಿರವೇ ಅಲ್ವಾ ಅಂತ ಏನೂ ಯೋಚಿಸದೆ ಹೊರಟುಬಿಡುತ್ತೇವೆ.

ಕೆಲವು ವರ್ಷದ ಹಿಂದೆ ನಾವೂ ಹಾಗೇ ಹೊರಟಿದ್ದೆವು. ಕೇರಳದ ಮಾನಂದವಾಡಿಯಲ್ಲಿ ಊಟ ತಡವಾಯಿತು. ವಾಪಸ್ ಬರುವಾಗ ಗಡಿಯ ಬಾವಲಿ ಊರಿನ ಕಾಡಿನ ಗೇಟ್ ಮುಟ್ಟಿದಾಗ ಸಂಜೆ 6 ಗಂಟೆ 10 ನಿಮಿಷ. ಗೇಟ್ ಹಾಕಿಯಾಗಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ. ಅವರ ರಾತ್ರಿ ಮಾತ್ರೆ ಮನೆಯಲ್ಲಿತ್ತು. ಗೇಟಿನವರು ಹತ್ತಿರ ಬಂದು, "ಇಲ್ಲಿ ಬಿಟ್ಟರೂ ಆ ಕಡೆ ಸೇರೋಷ್ಟರಲ್ಲಿ ಕತ್ತಲಾಗುತ್ತೆ ಸರ್, ತಿರುಗಿಸಿಕೊಳ್ಳಿ" ಅಂದರು. ಅವರು ಹೇಳಿದ್ದು ಸರಿ. ಕುಟ್ಟ, ಗೋಣಿಕೊಪ್ಪ, ಹುಣಸೂರು ಬಳಸಿಕೊಂಡು ಮನೆ ಸೇರಿದಾಗ ಹತ್ತೂವರೆ ದಾಟಿತ್ತು.

ಆಮೇಲಿಂದ ನಾನು ಲೆಕ್ಕ ಹಾಕುವುದು ಮನೆ ಬಿಡುವ ಹೊತ್ತಿನಿಂದಲ್ಲ, ಕೊನೆಯ ಗೇಟ್ ಮುಚ್ಚುವ ಹೊತ್ತಿನಿಂದ. ಇಲ್ಲಿ ಹೇಳಿರುವುದು ಅದೇ ಸುತ್ತು: ಮೈಸೂರು, ಗುಂಡ್ಲುಪೇಟೆ, ಮೂಲೆಹೊಳೆ, ಸುಲ್ತಾನ್ ಬತ್ತೇರಿ, ಮಾನಂದವಾಡಿ, ಬಾವಲಿ, ಎಚ್.ಡಿ. ಕೋಟೆ, ಮತ್ತೆ ಮೈಸೂರು. ಒಟ್ಟು 250 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬಂಡೀಪುರ, ವಯನಾಡು, ನಾಗರಹೊಳೆ ಮೂರೂ ಕಾಡು ದಾರಿಯಲ್ಲೇ ಸಿಗುತ್ತವೆ.

ಮೊದಲು ಗಡಿಯಾರ

ಗುಂಡ್ಲುಪೇಟೆಯಿಂದ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಈ ನಿರ್ಬಂಧ 2009ರಿಂದ ಇದೆ. ಆಂಬುಲೆನ್ಸ್‌ನಂಥ ತುರ್ತು ವಾಹನ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಬಾವಲಿ ರಸ್ತೆ ಇನ್ನೂ ಬಿಗಿ. ಅದು ಸಂಜೆ 6ಕ್ಕೇ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಜನ ಎಡವುವುದು ಇಲ್ಲೇ. ಬಂಡೀಪುರದ 9 ಗಂಟೆಯನ್ನು ತಲೆಯಲ್ಲಿಟ್ಟುಕೊಂಡು ಬಾವಲಿಗೆ ಬರುತ್ತಾರೆ.

ಹಾಗಾದರೆ ಹಿಂದಕ್ಕೆ ಎಣಿಸೋಣ. ಕತ್ತಲಾಗುವ ಮುಂಚೆ ಕಾಡು ದಾಟಿರಬೇಕೆಂದರೆ 4 ಗಂಟೆ ಸುಮಾರಿಗೆ ಬಾವಲಿಯಲ್ಲಿರಬೇಕು. ಮಾನಂದವಾಡಿಯನ್ನು 3ಕ್ಕೆ ಬಿಡಬೇಕು. ಅಲ್ಲಿ ಊಟ 2ಕ್ಕೆ. ಬತ್ತೇರಿ ಕಡೆ ಎರಡು ಮೂರು ಗಂಟೆ ಸುತ್ತಾಡಬೇಕೆಂದರೆ 10ರೊಳಗೆ ಅಲ್ಲಿ ಸೇರಬೇಕು. ಅಂದರೆ ಮೈಸೂರು ಬಿಡುವುದು ಬೆಳಿಗ್ಗೆ 6ಕ್ಕೆ. ಮಕ್ಕಳಿದ್ದರೆ ಐದೂವರೆ ಅನ್ನಿ.

ಹಿಂದಿನ ರಾತ್ರಿ

ಟೈರಿನ ಗಾಳಿ ನೋಡಿಸಿ. ಸ್ಟೆಪ್ನಿ ಟೈರಿನದ್ದೂ ನೋಡಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಕಾಡಿನೊಳಗೆ ಪಂಕ್ಚರ್ ಆದರೆ ಇಳಿದು ಟೈರ್ ಬದಲಿಸುವಂಥ ಜಾಗ ಅದಲ್ಲ. ಪೆಟ್ರೋಲ್ ಮೈಸೂರಲ್ಲೋ ಗುಂಡ್ಲುಪೇಟೆಯಲ್ಲೋ ತುಂಬಿಸಿಕೊಳ್ಳಿ. ಕಾಡಿನೊಳಗೆ ಫೋನ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ. ದಿನದ ಮಾತ್ರೆಗಳು ಕಾರಿನಲ್ಲೇ ಇರಲಿ.

ಬುತ್ತಿಗೆ ಪುಳಿಯೋಗರೆ, ಮೊಸರನ್ನ ಸಾಕು. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡರೆ ದಾರಿಯಲ್ಲಿ ಎಸೆಯಲು ಏನೂ ಉಳಿಯುವುದಿಲ್ಲ. ಒಮ್ಮೆ ಮೂಲೆಹೊಳೆ ಹತ್ತಿರ ಒಂದು ಜಿಂಕೆ ಚಿಪ್ಸ್ ಪ್ಯಾಕೆಟ್ ಅಗಿಯುತ್ತಿರುವುದನ್ನು ನೋಡಿದೆ. ಉಪ್ಪಿನ ರುಚಿಗೆ ಬಿಡದೆ ನೆಕ್ಕುತ್ತಿತ್ತು. ಬೆಳ್ಳಿ ಬಣ್ಣದ ಹಾಳೆ ಅರ್ಧ ಬಾಯೊಳಗೆ, ಅರ್ಧ ಹೊರಗೆ. ನಾವು ಇಳಿಯುವಂತಿರಲಿಲ್ಲ, ಅದು ಬಿಡುವಂತಿರಲಿಲ್ಲ. ಅವತ್ತಿನಿಂದ ಕಾಡು ದಾಟುವವರೆಗೆ ನಮ್ಮ ಕಾರಿನಲ್ಲಿ ಯಾರೂ ತಿನ್ನುವುದಿಲ್ಲ, ಕಿಟಕಿ ಇಳಿಸುವುದೂ ಇಲ್ಲ.

ಕಾಡಿನ ರಸ್ತೆಯಲ್ಲಿ

ನಂಜನಗೂಡಿನಲ್ಲಿ ಕಪಿಲೆ ದಾಟಿ, ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿ. ಎಲ್ಲರೂ ಶೌಚಾಲಯಕ್ಕೂ ಹೋಗಿಬನ್ನಿ, ಮುಂದೆ ನಿಲ್ಲಿಸುವಂತಿಲ್ಲ. ಊಟಿ ದಾರಿ ಬಿಟ್ಟು ಬತ್ತೇರಿ ಕಡೆ ತಿರುಗಿದರೆ ಮದ್ದೂರು ಚೆಕ್‌ಪೋಸ್ಟ್ ಬರುತ್ತದೆ. ನಮ್ಮ ಮಂಡ್ಯದ ಮದ್ದೂರಲ್ಲ, ಇದು ಬೇರೆ. ಅಲ್ಲಿಂದಾಚೆ ಕಾಡು.

ಇನ್ನು ಗಾಡಿ 40ರ ಮೇಲೆ ಹೋಗದಿರಲಿ. 60ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 40ರಲ್ಲಿ 11 ಮೀಟರ್. ಪೊದೆಯಿಂದ ಜಿಂಕೆ ಹಾರಿದಾಗ ಈ ಆರು ಮೀಟರಿನಲ್ಲಿ ಒಂದು ಜೀವ ಉಳಿಯಬಹುದು. ಒಂದು ಜಿಂಕೆ ದಾಟಿತು ಅಂತ ತಕ್ಷಣ ಆಕ್ಸಿಲರೇಟರ್ ಒತ್ತಬೇಡಿ. ಹಿಂದೆ ಇನ್ನೊಂದು ಇದ್ದೇ ಇರುತ್ತದೆ.

ಆನೆಯ ಮಾತು ಬೇರೆ. ರಸ್ತೆ ಬದಿ ಆನೆ ಕಂಡರೆ ಆದಷ್ಟು ದೂರದಲ್ಲೇ ನಿಲ್ಲಿಸಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ. ಅದು ಹಿಂದಕ್ಕೆ ಬರಬೇಕಾದರೆ ಜಾಗ ಬೇಕು, ನಿಮಗೂ ಬೇಕು. ಎಂಜಿನ್ ಆಫ್ ಮಾಡಬೇಡಿ. ಹಾರ್ನ್ ಬೇಡ, ಲೈಟ್ ಮಿಣುಕಿಸುವುದೂ ಬೇಡ. ಆಮೇಲೆ ಅದರ ಕಿವಿ ನೋಡಿ. ಬೀಸಣಿಗೆ ಹಾಗೆ ನಿಧಾನಕ್ಕೆ ಬೀಸುತ್ತಾ ಹುಲ್ಲು ಮೇಯುತ್ತಿದ್ದರೆ ಅದು ತನ್ನ ಪಾಡಿಗೆ ತಾನಿದೆ. ಕಿವಿ ಅಗಲಿಸಿ ಹಾಗೇ ನಿಂತುಬಿಟ್ಟರೆ, ಬಾಲ ಸೆಟೆದರೆ, ಸೊಂಡಿಲು ಒಳಕ್ಕೆ ಸುತ್ತಿಕೊಂಡರೆ ಅದಕ್ಕೆ ನೀವು ಇಷ್ಟವಾಗಿಲ್ಲ ಅಂತ ಅರ್ಥ. ಮೆಲ್ಲಗೆ ರಿವರ್ಸ್ ತೆಗೆಯಿರಿ. ಕಣ್ಣು ಮತ್ತು ಕಿವಿಯ ನಡುವೆ ಕಪ್ಪಗೆ ಒದ್ದೆ ಗೆರೆ ಇಳಿದಿರುವ ಗಂಡಾನೆ ಮದದಲ್ಲಿರಬಹುದು. ಮರಿ ಜೊತೆಗಿರುವ ತಾಯಿಯೂ ಅಷ್ಟೇ. ಇವರ ಪಕ್ಕದಲ್ಲಿ ತೂರಿಕೊಂಡು ಹೋಗುವ ಸಾಹಸ ಬೇಡವೇ ಬೇಡ. ಕಾದರೆ ಹೋಗುವುದು ಹತ್ತು ನಿಮಿಷ. ಹಿಂದಕ್ಕೆ ಎಣಿಸಿ ಹೊರಟವರ ಹತ್ತಿರ ಆ ಹತ್ತು ನಿಮಿಷ ಇರುತ್ತದೆ.

ಬೈಕಿನವರು ಒಂಟಿಯಾಗಿ ಮುಂದೆ ಹೋಗದೆ ಬಸ್ಸೋ ಲಾರಿಯೋ ಬರುವವರೆಗೆ ಕಾದು, ಅದರ ಹಿಂದೆ ಅಂತರ ಬಿಟ್ಟು ಹೋಗುವುದು ಒಳ್ಳೆಯದು.

ಯಾವ ತಿಂಗಳು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯನಾಡಿನಲ್ಲಿ ಮಳೆ ಜೋರು. ಹವಾಮಾನ ಎಚ್ಚರಿಕೆ ನೋಡದೆ ಹೊರಡಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾಡು ಒಣಗಿರುತ್ತದೆ. ಲಂಟಾನ ಪೊದೆಗಳಿಗೆ ಕಿಡಿ ಸೋಕಿದರೆ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನಮಗೆಲ್ಲ ನೆನಪಿದೆ. ಆ ತಿಂಗಳುಗಳಲ್ಲಿ ಕಾರಿನಲ್ಲಿ ಬೀಡಿ, ಸಿಗರೇಟು ಹಚ್ಚಲೇಬೇಡಿ. ನನ್ನ ಆಯ್ಕೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್.

ವಾಪಸ್ ದಾರಿ

ಬತ್ತೇರಿಯಿಂದ ಪನಮರಂ ಮೇಲೆ ಮಾನಂದವಾಡಿಗೆ ಹೋಗುವಾಗ ಹೊಳೆಗಳನ್ನು ಗಮನಿಸಿ. ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ಸೇರಿ ಕಬಿನಿ ಆಗುವುದು ಇಲ್ಲೇ ಹತ್ತಿರದಲ್ಲಿ. ಬೆಳಿಗ್ಗೆ ನಂಜನಗೂಡಿನಲ್ಲಿ ದಾಟಿದ ಕಪಿಲೆ ಇದೇ ನೀರು. ಮಕ್ಕಳಿಗೆ ತೋರಿಸಿ.

ಬಾವಲಿ ದಾಟಿದ ಮೇಲೆ ನಾಗರಹೊಳೆಯ ಕಾಡು. ಬಳ್ಳೆ ಆನೆ ಶಿಬಿರ ಈ ರಸ್ತೆಯಲ್ಲೇ ಇದೆ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಇಲ್ಲಿ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ತೀರಿಕೊಂಡ. ಬಳ್ಳೆ ಬಂದಾಗ ನಮ್ಮ ಕಾರಿನಲ್ಲಿ ಈಗಲೂ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಉದ್ಬೂರು ಗೇಟ್ ದಾಟಿದ ಕೂಡಲೇ ಕಾಡು ಮುಗಿಯಿತು ಅಂತ ವೇಗ ಹೆಚ್ಚಿಸಬೇಡಿ. ಸಂಜೆ ಆನೆಗಳು ಹೊಲಗಳ ಕಡೆ ಹೊರಡುವ ಹೊತ್ತು ಅದು. ಹಟ್ಟಿಗೆ ಮರಳುವ ದನಗಳೂ ರಸ್ತೆಯಲ್ಲೇ ಇರುತ್ತವೆ. ಅಂತರಸಂತೆ ದಾಟುವವರೆಗೆ ಅದೇ 40 ಇರಲಿ. ಟೀಗೆ ಎಚ್.ಡಿ. ಕೋಟೆಯಲ್ಲಿ ನಿಲ್ಲಿಸಿದರಾಯಿತು.